ಬೆನ್ನ ಮೇಲೆ ಹೇಮಗಿರಿ

ಹೇಮಗಿರಿ ಸ್ಟೀಲ್ ಕಾರ್ಖಾನೆಯ ಗೇಟಿನ ಅಡ್ಡಗಂಬಿ ಮೇಲೇಳಲೇ ಇಲ್ಲ. ರಾಮಾಂಜಿ ಎರಡು ಸಲ ಹಾರ್ನ್ ಹೊಡೆದ. ಸೆಕ್ಯುರಿಟಿಯವನು ಕುರ್ಚಿಯಿಂದ ಏಳದೆ ಕೈಯನ್ನು ಅತ್ತಿತ್ತ ಆಡಿಸಿದ, ನೊಣ ಓಡಿಸುವ ಹಾಗೆ. ಗೂಡ್ಸ್ ಆಟೋದಲ್ಲಿ ಗಂಡನ ಪಕ್ಕ ಕೂತಿದ್ದ ಶಿವಲೀಲಾ ಕೆಳಗಿಳಿದು ಸೀರೆ ಸರಿಮಾಡಿಕೊಂಡಳು. ಹಿಂದೆ ಹಗ್ಗ ಬಿಗಿದ ಮೂಟೆಗಳಲ್ಲಿ ಎಂಟುನೂರು ಡಾಂಗ್ರಿಗಳಿದ್ದವು. ಅಂಗಿ ಪ್ಯಾಂಟು ಒಂದೇ ಆಗಿ ಹೊಲಿದ ದಪ್ಪ ನೀಲಿ ಬಟ್ಟೆಯ ಉಡುಪು. ಕುಲುಮೆಯ ಹತ್ತಿರ ಕೆಲಸ ಮಾಡುವವರು ತೊಡುವಂಥದ್ದು. ಒಂದೊಂದರ ಬೆನ್ನ ಮೇಲೂ ಅಂಗೈ ಅಗಲದ ಕೇಸರಿ ಅಕ್ಷರಗಳಲ್ಲಿ ‘ಹೇಮಗಿರಿ ಸ್ಟೀಲ್’ ಎಂದು ಅಚ್ಚಾಗಿತ್ತು.

ಆಗಲೇ ಅವಳಿಗೆ ಏನೋ ಸರಿಯಿಲ್ಲವೆನ್ನಿಸಿದ್ದು. ಪ್ರತಿ ಸಲ ಬಂದಾಗಲೂ ಗೇಟಿನಿಂದ ಹೆದ್ದಾರಿಯವರೆಗೆ ಅದಿರು ಲಾರಿಗಳ ಸಾಲು ನಿಂತಿರುತ್ತಿತ್ತು. ಇವತ್ತು ನಿಂತಿದ್ದದ್ದು ಒಂದೇ ಲಾರಿ, ಅದರ ಕೆಳಗೆ ನಾಯಿಯೊಂದು ಮಲಗಿತ್ತು, ಅಷ್ಟೆ. ಎದುರಿನ ಟೀ ಅಂಗಡಿಗಳಲ್ಲಿ ಅರ್ಧಕ್ಕರ್ಧ ಬಾಗಿಲು ಹಾಕಿದ್ದವು. ಎರಡು ಕುಲುಮೆಗಳ ಪೈಕಿ ಒಂದರ ಮೇಲೆ ಮಾತ್ರ ಹೊಗೆಯಾಡುತ್ತಿತ್ತು. ಇನ್ನೊಂದರ ಮೇಲೆ ಪಾರಿವಾಳಗಳು ಕೂತಿದ್ದವು.

ಅರ್ಧ ಗಂಟೆಯ ಮೇಲೆ ಖರೀದಿ ವಿಭಾಗದ ಶಿವಶಂಕರ್ ತಾನೇ ನಡೆದುಕೊಂಡು ಗೇಟಿಗೆ ಬಂದ. ಮೂರು ವರ್ಷದಿಂದ ಅವಳಿಗೆ ಆರ್ಡರ್ ಕೊಡುತ್ತಿದ್ದವನು ಅವನೇ. ಬೆಳುಗುಪ್ಪದ ಕಡೆಯ ಹುಡುಗ. ಯಾವಾಗಲೂ ಫೋನು ಕಿವಿಗಿಟ್ಟುಕೊಂಡೇ ಮಾತಾಡುತ್ತಿದ್ದವನ ಕೈ ಇವತ್ತು ಖಾಲಿಯಿತ್ತು.

“ಫೋನ್ ಮಾಡಬೇಕಂತ ನಿನ್ನೆಯಿಂದ ಅಂದ್ಕೊಂಡೆ ಅಕ್ಕಾರ, ಬಾಯೇ ಬರಲಿಲ್ಲ,” ಎಂದ. “ಮಾಲು ತಗೊಳ್ಳಾಕ ಆಗಂಗಿಲ್ರಿ.”

“ಯಾಕ್ರಿ? ಹೊಲಿಗಿ ಸರಿಯಿಲ್ಲೇನು?”

“ಹೊಲಿಗಿ ಸರಿ ಐತ್ರಿ. ಕಂಪನಿ ಸರಿ ಇಲ್ಲ.”

ಮೂವರೂ ತೆರೆದಿದ್ದ ಒಂದು ಟೀ ಅಂಗಡಿಗೆ ಹೋಗಿ ಕೂತರು. ಶಿವಶಂಕರ್ ವಿವರಿಸಿದ. ಹೊರದೇಶದಿಂದ ಬರುವ ಕಲ್ಲಿದ್ದಲು ತುಟ್ಟಿಯಾಗಿದೆ, ಹೊರದೇಶದಿಂದಲೇ ಬರುವ ಉಕ್ಕು ಅಗ್ಗವಾಗಿದೆ. ಇಲ್ಲಿ ಒಂದು ಟನ್ನು ಮಾಡುವ ಖರ್ಚಿಗಿಂತ ಕಡಿಮೆಗೆ ಅದು ಬಂದರಿನಲ್ಲಿ ಇಳಿಯುತ್ತಿದೆ. ಇದರ ನಡುವೆ ಮಾಲೀಕರು ಮೂರನೇ ಕುಲುಮೆ ಕಟ್ಟಲು ಬ್ಯಾಂಕುಗಳಿಂದ ತಂದ ದುಡ್ಡಿನ ಬಡ್ಡಿ. ಕೊನೆಗೆ ಬ್ಯಾಂಕಿನವರು ಕೋರ್ಟಿಗೆ ಹೋಗಿದ್ದಾರೆ, ಕೋರ್ಟು ಒಬ್ಬ ಆಫೀಸರನ್ನು ಕೂರಿಸಿದೆ. ಅವನ ಸಹಿ ಇಲ್ಲದೆ ಇನ್ನು ಕಾರ್ಖಾನೆಯೊಳಗೆ ಒಂದು ಗುಂಡುಸೂಜಿಯೂ ಹೋಗುವಂತಿಲ್ಲ.

“ಆ ಒಂದು ಕುಲುಮಿ ಉರಿಯಾಕತ್ತೈತಲ್ರಿ,” ಎಂದ ರಾಮಾಂಜಿ.

“ಅದನ್ನ ಆರಿಸಿದ್ರ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಬಂಡೆಗಲ್ಲು ಆಗ್ತೈತಿ. ಮತ್ತ ಹಚ್ಚಬೇಕಂದ್ರ ಕೋಟಿಗಟ್ಟಲೆ ಬೇಕು. ಅದಕ್ಕ ಹೆಂಗೋ ಉಸಿರು ಹಿಡಿಸಿಟ್ಟೀವಿ.”

“ಯಾರಾದ್ರೂ ಹೊಸಬ್ರು ಕೊಂಡ್ಕೊಂಡ್ರ ಇವನ್ನ ತಗೋತಾರೇನ್ರಿ?” ಶಿವಲೀಲಾ ಮೂಟೆಗಳ ಕಡೆ ತೋರಿಸಿದಳು.

ಶಿವಶಂಕರ್ ಟೀ ಗ್ಲಾಸನ್ನು ತಿರುಗಿಸುತ್ತ ಕೂತ. “ಹೊಸಬ್ರು ಬಂದ್ರ ಮೊದಲು ಬದಲಾಯಿಸೋದೇ ಹೆಸರು, ಅಕ್ಕಾರ.”

ಟೀ ದುಡ್ಡು ಅವನೇ ಕೊಟ್ಟ. ಆಟೋ ತಿರುಗುವವರೆಗೂ ಗೇಟಿನ ಹೊರಗೇ ನಿಂತಿದ್ದ.

ಆಟೋ ತಮ್ಮೂರು ರಾಯದುರ್ಗದ ದಾರಿ ಹಿಡಿದಾಗ ಶಿವಲೀಲಾ ಹಿಂದಿನದನ್ನೆಲ್ಲ ನೆನೆದಳು. ಒಂದೇ ಹೊಲಿಗೆ ಮಿಷನ್ನಿನಿಂದ ಶುರು ಮಾಡಿದವಳು ಅವಳು. ಬಳ್ಳಾರಿಯ ಜೀನ್ಸ್ ಮಾಲೀಕರಿಗೆ ಬರೀ ಜೇಬು ಹೊಲಿದು ಕೊಡುತ್ತ, ಡಜನ್ನಿಗಿಷ್ಟು ಎಂದು ಕೈಯೊಡ್ಡುತ್ತ, ಏಳು ವರ್ಷ ತಳ್ಳಿದ್ದಳು. ಪ್ಯಾಂಟಿನ ಉಳಿದ ಭಾಗ ಹೇಗಿರುತ್ತದೆಂದು ನೋಡುವ ಯೋಗವೂ ಇರಲಿಲ್ಲ. ಸ್ಟೀಲ್ ಕಾರ್ಖಾನೆಯ ಆರ್ಡರ್ ಸಿಕ್ಕಮೇಲೆಯೇ ಹತ್ತು ಮಿಷನ್ನು, ಹತ್ತು ಹೆಂಗಸರು, ಬಾಗಿಲ ಮೇಲೊಂದು ಬೋರ್ಡು ಬಂದದ್ದು. ಈಗ ಮತ್ತೆ ಜೇಬು ಹೊಲಿಯಲು ಹೋಗುವುದೆಂದರೆ ಹತ್ತಿದ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಆ ಹತ್ತು ಹೆಂಗಸರಿಗೆ ಏನು ಹೇಳುವುದು?

ಹೇಳುವ ಪ್ರಮೇಯವೇ ಬರಲಿಲ್ಲ. ಮೂಟೆಗಳು ಹೋದ ಹಾಗೇ ವಾಪಸು ಬಂದದ್ದು ನೋಡಿ, ಹಿರಿಯ ಟೈಲರ್ ಅಂಬಮ್ಮ ಮಿಷನ್ನಿನಿಂದ ಕಾಲು ತೆಗೆದಳು. ಉಳಿದವರೂ ತೆಗೆದರು. ಅಷ್ಟು ಮಿಷನ್ನುಗಳು ಒಮ್ಮೆಲೇ ಸುಮ್ಮನಾದರೆ ಆ ಕೋಣೆ ಎಷ್ಟು ದೊಡ್ಡದೆನಿಸುತ್ತದೆಂದು ಶಿವಲೀಲಾಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ರಾಮಾಂಜಿ ಒಂದು ಮೂಟೆ ಬಿಚ್ಚಿ, ಎಲ್ಲಕ್ಕಿಂತ ದೊಡ್ಡ ಡಾಂಗ್ರಿಯೊಂದನ್ನು ಪಂಚೆಯ ಮೇಲೇ ಏರಿಸಿಕೊಂಡು ಬಂದು ನಿಂತ. ತೋಳು ಬೆರಳು ದಾಟಿತ್ತು, ಪಂಚೆ ಹೊಟ್ಟೆಯ ಹತ್ತಿರ ಗಂಟಾಗಿ ಬಸುರಿಯ ಹಾಗೆ ಕಾಣುತ್ತಿದ್ದ.

“ಇವತ್ತಿಂದ ನಾನಾ ಹೇಮಗಿರಿ ಮಾಲೀಕ,” ಎಂದ. “ಎಲ್ಲಾರೂ ಉಣ್ಣಾಕ ಏಳ್ರಿ. ಉಂಡ ಮ್ಯಾಲ ದಿವಾಳಿ ಆಗಾಣ.”

ಅಂಬಮ್ಮ ಮೊದಲು ನಕ್ಕಳು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಮೂಟೆಗಳು ಮನೆ ಸೇರಿದವು. ಬಂದವರು ಅವುಗಳ ಮೇಲೆ ಕೂರುತ್ತಿದ್ದರು. ರಾಮಾಂಜಿ ಮಧ್ಯಾಹ್ನ ಅವುಗಳ ಮೇಲೇ ಮಲಗಿ, ಇಂಥ ಹಾಸಿಗೆ ಸ್ಟೀಲ್ ಕಂಪನಿ ಮಾಲೀಕನಿಗೂ ಇರಲಿಕ್ಕಿಲ್ಲ ಎನ್ನುತ್ತಿದ್ದ. ಗ್ಯಾರೇಜಿನವರು ನಾಲ್ಕು ಕೊಂಡರು. ಪೆಟ್ರೋಲ್ ಬಂಕಿನವರು ಬೆನ್ನಿನ ಅಕ್ಷರ ನೋಡಿ ಬೇಡವೆಂದರು. ಬಟ್ಟೆ ಕೊಟ್ಟ ವ್ಯಾಪಾರಿ ದಿನಾ ಫೋನು ಮಾಡಿ ಮೊದಲು ಆರೋಗ್ಯ ವಿಚಾರಿಸುತ್ತಿದ್ದ, ಆಮೇಲೆ ದುಡ್ಡು ವಿಚಾರಿಸುತ್ತಿದ್ದ.

ಕೊನೆಗೆ ಶಿವಲೀಲಾ ಮಡಕಶಿರದ ವೆಂಕಟಸ್ವಾಮಿಯ ಹೆಸರು ಕೇಳಿ ಅಲ್ಲಿಗೆ ಹೊರಟಳು. ಹಿಂದೂಪುರದ ಫ್ಯಾಕ್ಟರಿಗಳಿಗೆಲ್ಲ ಯೂನಿಫಾರಂ ಕೊಡುವ ದೊಡ್ಡ ವ್ಯಾಪಾರಿ ಆತ. ಚೀಲದಲ್ಲಿ ಹನ್ನೆರಡು ಡಾಂಗ್ರಿ ತುಂಬಿಕೊಂಡು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕೋಟೆ ಬೆಟ್ಟದ ಕೆಳಗಿನ ಆ ಅಂಗಡಿ ಮುಟ್ಟಿದಳು. ವೆಂಕಟಸ್ವಾಮಿ ಒಂದನ್ನು ಬಿಡಿಸಿ ಹೊಲಿಗೆ ಎಳೆದು ನೋಡಿದ, ಗುಂಡಿ ಜಗ್ಗಿ ನೋಡಿದ, ಮೆಚ್ಚಿ ತಲೆಯಾಡಿಸಿದ. ಆಮೇಲೆ ಬೆನ್ನಿಗೆ ತಿರುಗಿಸಿದ.

“ಹೊಲಿಗೆ ಬಂಗಾರದಂಗೈತೆ ಕಣಮ್ಮ. ಆದ್ರೆ ಇನ್ನೊಬ್ಬರ ಕಂಪನಿ ಹೆಸ್ರು ಹಾಕ್ಕಂಡು ನಮ್ಮೋರು ಗೇಟೊಳಗೆ ಎಂಗ್ ಓಗ್ತಾರೆ? ಅದೂ ಮುಳುಗಿರೋ ಕಂಪನಿ. ಪೇಪರ್‌ನಾಗೆಲ್ಲ ಬಂದೈತೆ.”

ಬಿಸಿಲಲ್ಲಿ ಬಂದವಳೆಂದು ಮಜ್ಜಿಗೆ ಕೊಡಿಸಿದ. ಅವಳು ಮಜ್ಜಿಗೆ ಕುಡಿದು, ಚೀಲ ಎತ್ತಿಕೊಂಡು ಹೊರಬಂದಳು.

ವಾಪಸು ಬಸ್ಸಿಗೆ ಹೊತ್ತಿತ್ತು. ಊರಾಚೆಗೇ ಅವಳ ಚಿಕ್ಕಮ್ಮ ಅನಂತಮ್ಮನ ಹೊಲ. ಶೇಂಗಾ ಕೀಳುವ ಕಾಲ. ಹೋದರೆ ಕೂತು ನಾಲ್ಕು ಮಾತಾಡಬಹುದು, ಹಸಿ ಕಾಯಿ ತಿನ್ನಬಹುದು ಎಂದುಕೊಂಡು ಶಿವಲೀಲಾ ಅತ್ತ ನಡೆದಳು. ನಿಜ ಹೇಳಬೇಕೆಂದರೆ ಖಾಲಿ ಕೈಯಲ್ಲಿ ಮನೆಗೆ ಹೋಗುವುದನ್ನು ಸ್ವಲ್ಪ ಮುಂದೂಡಬೇಕಿತ್ತು.

ಅನಂತಮ್ಮ ಬದುವಿನ ಬೇವಿನ ಕೆಳಗಿದ್ದಳು. ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಗಿಡ ಕೀಳುತ್ತ, ಮಣ್ಣು ಕೊಡವುತ್ತ, ಗುಡ್ಡೆ ಹಾಕುತ್ತ ಬರುತ್ತಿದ್ದರು.

“ಬಾರಮ್ಮ ಶಿವೀ, ಏನೇ ಇಷ್ಟು ದೂರ? ಮುಖ ಯಾಕೆ ಅಂಗ್ ಮಾಡ್ಕಂಡಿದೀಯ?” ಎಂದು ಅನಂತಮ್ಮ ಕೇಳಿದಳು. ಶಿವಲೀಲಾ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಕಲ್ಲಿದ್ದಲು ಎಲ್ಲೋ ಸಮುದ್ರದಾಚೆ ತುಟ್ಟಿಯಾದರೆ ರಾಯದುರ್ಗದಲ್ಲಿ ಅಂಬಮ್ಮನ ಮಿಷನ್ನು ನಿಲ್ಲುತ್ತದೆ ಎನ್ನುವುದನ್ನು ಚಿಕ್ಕಮ್ಮನಿಗೆ ಬಿಡಿಸಿ ಹೇಳುವುದು ಸುಲಭವಿರಲಿಲ್ಲ.

ಆಗ ಸಾಲಿನಲ್ಲಿದ್ದ ಒಬ್ಬಳು ಜೋರಾಗಿ ಬೈದಳು. ಬೈದದ್ದು ಗಂಡನನ್ನು. ಗಂಡ ಅಲ್ಲಿರಲಿಲ್ಲ. ಅವನ ಅಂಗಿ ಮಾತ್ರ ಅವಳ ಮೈಮೇಲಿತ್ತು, ಸೀರೆಯ ಮೇಲೆ ತೊಟ್ಟದ್ದು. ಬಗ್ಗಿ ಗಿಡ ಎಳೆದ ರಭಸಕ್ಕೆ ಅದು ಭುಜದಿಂದ ಕಂಕುಳವರೆಗೆ ಹರಿದುಹೋಗಿತ್ತು. ತಿಪ್ಪಕ್ಕ ಎಂದು ಅವಳ ಹೆಸರು. ಗಟ್ಟಿ ಮೈಯವಳು, ಅದಕ್ಕಿಂತ ಗಟ್ಟಿ ದನಿಯವಳು.

“ಅವ್ನಿಗೆ ಬೇಡ ಅನ್ಸಿದ್ ಮ್ಯಾಲೆ ತಾನೆ ನಂಗೆ ಬರೋದು!” ಎಂದಳು ನೆರಳಿಗೆ ಬರುತ್ತ. “ಆಗ್ಲೆ ಅರ್ಧ ಜೀವ ಓಗಿರ್ತದೆ ಅಂಗೀಗೆ.”

ಶಿವಲೀಲಾ ಹರಿದ ಅಂಗಿಯನ್ನು ನೋಡಿದಳು. ಟೈಲರ್ ಕಣ್ಣು, ಎಲ್ಲಿ ಬಿಗಿಯಿತ್ತು, ಎಲ್ಲಿ ಸಡಿಲವಿತ್ತು ಎಂದು ತಾನಾಗಿಯೇ ಅಳೆಯಿತು. ಗಂಡಸಿನ ಭುಜಕ್ಕೆ ಹೊಲಿದದ್ದು, ಗಂಡಸಿನ ಎದೆಗೆ ಹೊಲಿದದ್ದು. ಆಮೇಲೆ ಅವಳು ತಲೆಯೆತ್ತಿ ಹೊಲದ ಕಡೆ ನೋಡಿದಳು. ಚೌಕುಳಿ ಅಂಗಿ, ಬಿಳಿ ಅಂಗಿ, ಯಾವುದೋ ಸ್ಕೂಲಿನ ಅಂಗಿ, ಪೊಲೀಸ್ ಬಣ್ಣದ ಒಂದು ಅಂಗಿ. ಅಲ್ಲಿದ್ದ ಅಷ್ಟೂ ಹೆಂಗಸರ ಮೈಮೇಲೆ ಯಾರೋ ಒಬ್ಬ ಗಂಡಸಿನ ಹಳೆಯ ಅಂಗಿಯಿತ್ತು. ಹುಟ್ಟಿದಂದಿನಿಂದ ಅವಳು ನೋಡಿದ ದೃಶ್ಯವೇ ಅದು. ಅವಳ ಅವ್ವನೂ ಹಾಗೆಯೇ ಹೊಲಕ್ಕೆ ಹೋಗುತ್ತಿದ್ದಳು.

ಚೀಲದಿಂದ ಒಂದು ಡಾಂಗ್ರಿ ಎಳೆದಳು. ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿದ್ದ ಕತ್ತರಿ ತೆಗೆದಳು. ಸೊಂಟದ ಹೊಲಿಗೆಗೆ ಕತ್ತರಿ ಇಟ್ಟಳು. ತಾನೇ ನಿಂತು ಪರೀಕ್ಷಿಸಿದ ಜೋಡಿ ಹೊಲಿಗೆ ಅದು. ಆಮೇಲೆ ಸರ್ರನೆ ಕತ್ತರಿಸಿದಳು. ಕೆಳಗಿನ ಅರ್ಧ ಬದುವಿನ ಮೇಲೆ ಬಿತ್ತು. ಮೇಲಿನ ಅರ್ಧವನ್ನು ಕೊಡವಿ ತಿಪ್ಪಕ್ಕನ ಕಡೆ ಚಾಚಿದಳು.

“ಹಾಕ್ಕೊಂಡು ನೋಡ್ರಿ.”

ತಿಪ್ಪಕ್ಕ ತೊಟ್ಟಳು. ಡಾಂಗ್ರಿಯ ಬಟ್ಟೆ ದಪ್ಪ, ಕಾಲರು ಕತ್ತಿನವರೆಗೆ ಮುಚ್ಚುವಂಥದ್ದು. ಅವಳು ಕೈ ಎತ್ತಿದಳು, ಬಗ್ಗಿದಳು, ಮತ್ತೆ ಎದ್ದು ನಿಂತಳು. ಎಲ್ಲೂ ಹಿಡಿಯಲಿಲ್ಲ. ಆಮೇಲೆ ಜೇಬುಗಳು ಅವಳ ಕೈಗೆ ಸಿಕ್ಕವು.

“ಅಯ್ಯೋ, ಎಷ್ಟು ಜೇಬವೆ ಇದ್ರಾಗೆ!” ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ತೆಗೆದು ಒಂದರಲ್ಲಿ ಇಟ್ಟಳು. ಎಲೆಯಡಿಕೆ ಚೀಲ ಇನ್ನೊಂದರಲ್ಲಿ. ಮೂರನೆಯದಕ್ಕೆ ಏನಿಡುವುದೆಂದು ಹುಡುಕಿದಳು, ಏನೂ ಸಿಗಲಿಲ್ಲ. “ಇರ್ಲಿ ಬಿಡು,” ಎಂದು ಖಾಲಿ ಜೇಬಿನ ಗುಂಡಿ ಹಾಕಿ ಮೇಲೆ ತಟ್ಟಿಕೊಂಡಳು. “ಮುಂದೆ ಏನಾರ ಬತ್ತದೆ.”

ಗಿಡ ಕೀಳುವುದು ನಿಂತಿತ್ತು. ಎಲ್ಲರೂ ಬೇವಿನ ಕೆಳಗೆ ಬಂದು ಅವಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅನಂತಮ್ಮ, “ಕೂಲಿ ಯಾರಪ್ಪನ ಮನೇದು? ನಡೀರಿ ಸಾಲಿಗೆ!” ಎಂದು ಗದರಿ, ತಾನೂ ಒಂದನ್ನು ಕೈಗೆತ್ತಿಕೊಂಡು ಬಟ್ಟೆ ಮುಟ್ಟಿ ನೋಡಿದಳು.

“ಹಿಂದ್ಗಡೆ ಏನೋ ಬರ್ದೈತಲ್ಲ?” ಎಂದಳೊಬ್ಬಳು.

“ಸ್ಟೀಲ್ ಫ್ಯಾಕ್ಟ್ರಿ ಹೆಸರು,” ಎಂದಳು ಶಿವಲೀಲಾ, ವೆಂಕಟಸ್ವಾಮಿಯ ಮುಖ ನೆನೆಯುತ್ತ. “ತೆಗಿಯಾಕ ಬರಂಗಿಲ್ಲ.”

ತಿಪ್ಪಕ್ಕ ಕತ್ತು ಹೊರಳಿಸಿ ಬೆನ್ನು ನೋಡಲು ಪ್ರಯತ್ನಿಸಿ ಕೈಬಿಟ್ಟಳು. “ಬೆನ್ನಿಗೆ ತಾನೆ? ನಂಗೆಲ್ಲಿ ಕಾಣ್ತದೆ? ಹಿಂದೆ ಬರೋರು ಓದ್ಕಳ್ಳಿ.”

ಹಾಗೇ ಕತ್ತರಿಸಿ ಕೊಟ್ಟು ಹನ್ನೆರಡೂ ಅಲ್ಲೇ ಖಾಲಿಯಾದವು. ಬೆಲೆಯನ್ನು ಶಿವಲೀಲಾ ಅಲ್ಲೇ ನಿಂತು ಲೆಕ್ಕ ಹಾಕಬೇಕಾಯಿತು. ಚೌಕಾಸಿ ಜೋರಾಗಿ ನಡೆಯಿತು. ಮೂವರು ದುಡ್ಡು ಕೊಟ್ಟರು, ಉಳಿದವರದು ಕೂಲಿಯಲ್ಲಿ ಹಿಡಿಯುವುದೆಂದು ಅನಂತಮ್ಮ ಕೈಯಿಂದ ಕೊಟ್ಟಳು. ಕತ್ತರಿಸಿದ ಕೆಳಗಿನ ಅರ್ಧಗಳನ್ನು ಮಡಚಿಟ್ಟು, ಉಳಿದ ಚೀಲಕ್ಕೆ ಹಸಿ ಶೇಂಗಾ ತುಂಬಿಸಿದಳು. ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದಾಗ, ಕೆಂಪು ಹೊಲದಲ್ಲಿ ಕೇಸರಿ ಅಕ್ಷರಗಳು ಸಾಲಾಗಿ ಬಗ್ಗುತ್ತ ಏಳುತ್ತ ಹೋಗುತ್ತಿದ್ದವು. ಆ ಮಧ್ಯಾಹ್ನ ಹೇಮಗಿರಿ ಸ್ಟೀಲ್ ಭರ್ತಿ ಕೆಲಸದಲ್ಲಿದ್ದ ಹಾಗೆ ಕಾಣುತ್ತಿತ್ತು.

ಮರುದಿನ ಹತ್ತೂ ಮಿಷನ್ನು ಓಡಿದವು. ಡಾಂಗ್ರಿಗಳನ್ನು ಸೊಂಟಕ್ಕೆ ಕತ್ತರಿಸುವುದು, ಅಂಚು ಮಡಿಸುವುದು, ಬಗಲಿನಲ್ಲಿ ಒಂದು ಪಟ್ಟಿ ಕೊಟ್ಟು ಹೆಂಗಸರ ಮೈಗೆ ಹೊಂದಿಸುವುದು. ಕೈ ಉದ್ದವೆಂದು ತಿಪ್ಪಕ್ಕ ಫೋನು ಮಾಡಿ ಬೈದದ್ದರಿಂದ ಮುಂಗೈಗೆ ಒಂದು ಗುಂಡಿ ಹೆಚ್ಚಾಯಿತು. ರಾಮಾಂಜಿ ಆಟೋದಲ್ಲಿ ಹೇರಿಕೊಂಡು ಗುಮ್ಮಘಟ್ಟದ ಸಂತೆಗೆ ಹೋದ, ಬೆಳುಗುಪ್ಪಕ್ಕೆ ಹೋದ. ಗಂಡಸರು ಬಂದು ಕೇಳಿದರೆ, “ನಿಮಗಲ್ರೀ ಇದು, ನಿಮ್ಮ ಮನಿಯವ್ರನ್ನ ಕಳಸ್ರಿ,” ಎಂದು ಗತ್ತಿನಿಂದ ಹೇಳುತ್ತಿದ್ದ. ಅದನ್ನು ಹೇಳಲೆಂದೇ ಅವನು ಸಂತೆಗೆ ಹೋಗುತ್ತಾನೆಂದು ಅಂಬಮ್ಮನ ಅನುಮಾನ.

ಉಳಿದದ್ದು ಕೆಳಗಿನ ಅರ್ಧಗಳು. ಮನೆಯ ತುಂಬ ಬರೀ ಕಾಲುಗಳು ರಾಶಿ ಬಿದ್ದಿದ್ದವು. ಅವುಗಳಿಗೆ ಮೊದಲ ಗಿರಾಕಿ ಕುರಿ ಕಾಯುವ ಓಬುಲೇಶ್. ಜಾಲಿ ಮುಳ್ಳಿಗೆ ಪಂಚೆ ಹರಿದು ಹರಿದು ಬೇಸತ್ತಿದ್ದವನು, ಸೊಂಟಕ್ಕೆ ಲಾಡಿ ಹಾಕಿಸಿಕೊಂಡು ಒಂದನ್ನು ತೊಟ್ಟು ಹೋದ. ಎರಡು ದಿನ ಬಿಟ್ಟು ಗುಮ್ಮಘಟ್ಟದ ಕುರಿಗಾಹಿಗಳನ್ನೆಲ್ಲ ಕರೆದುಕೊಂಡು ಬಂದ. ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಕೂರಲು ಮೂಟೆಗಳೇ ಉಳಿಯಲಿಲ್ಲ, ಬಂದವರಿಗೆ ಹೊಸದಾಗಿ ಕುರ್ಚಿ ತರಬೇಕಾಯಿತು. ಬಟ್ಟೆ ವ್ಯಾಪಾರಿ ಫೋನು ಮಾಡಿದರೆ ಬರೀ ಆರೋಗ್ಯ ವಿಚಾರಿಸಿ ಇಡುತ್ತಿದ್ದ. ಆಮೇಲೆ ಅವನೇ ಹೊಸ ಬಟ್ಟೆಯ ಥಾನುಗಳನ್ನು ತಂದಿಳಿಸಿದ. ಅವುಗಳಿಂದ ಹೊಲಿದ ಅಂಗಿಗಳ ಬೆನ್ನ ಮೇಲೆ ಯಾರ ಹೆಸರೂ ಇರಲಿಲ್ಲ. ಮಡಕಶಿರದ ಹೆಂಗಸರು ಮಾತ್ರ ಅದನ್ನು ಒಪ್ಪದೆ, ಏನಾದರೂ ಬರೆದಿದ್ದರೆ ಚೆನ್ನ ಎಂದು ಹಠ ಹಿಡಿದರು. ಅಂಬಮ್ಮ ಅವರಿಗೆಂದು ಬೆನ್ನ ಮೇಲೊಂದು ಸೂರ್ಯಕಾಂತಿ ಹೂವು ಹಾಕಿದಳು.

ಮುಂದಿನ ವರ್ಷ ಮಳೆ ಬಿದ್ದು ಬಿತ್ತನೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಶಿವಶಂಕರ್ ಬೈಕಿನಲ್ಲಿ ರಾಯದುರ್ಗಕ್ಕೆ ಬಂದ. ಸ್ವಲ್ಪ ಸೊರಗಿದ್ದ, ಆದರೆ ನಗುತ್ತಿದ್ದ. ಕಾರ್ಖಾನೆಯನ್ನು ಉತ್ತರದ ಕಡೆಯ ಒಂದು ಕಂಪನಿ ಕೊಂಡಿತ್ತು. ಬ್ಯಾಂಕಿನವರು ಬರಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟಿದ್ದರು. ಪಾರಿವಾಳ ಕೂತಿದ್ದ ಕುಲುಮೆಗೆ ಮತ್ತೆ ಬೆಂಕಿ ಹಚ್ಚಿ ಹದಿನೈದು ದಿನವಾಗಿತ್ತು.

“ಹೆಸರು ಬದಲಾತ್ರಿ, ಬಣ್ಣಾನೂ ಬದಲಾತು. ಈಗ ಹಸಿರು,” ಎಂದು ಸ್ಯಾಂಪಲ್ ತೋರಿಸಿದ. “ಎರಡು ಸಾವಿರ ಡಾಂಗ್ರಿ ಬೇಕು. ಹೊಲಿಗಿ ಮಾತ್ರ ರಾಯದುರ್ಗದ್ದೇ ಇರಬೇಕಂತ ನಾನಾ ಬರಸೀನಿ.”

ಮಿಷನ್ನುಗಳು ನಿಧಾನವಾದವು. ಎಲ್ಲರ ಕಿವಿ ಇತ್ತಲೇ ಇತ್ತು. ಒಂದು ವರ್ಷದ ಹಿಂದೆಯಾಗಿದ್ದರೆ ಶಿವಲೀಲಾ ಕೂತಲ್ಲಿಂದಲೇ ದೇವರಿಗೆ ಕೈ ಮುಗಿಯುತ್ತಿದ್ದಳು.

“ಹೊಲದು ಕೊಡ್ತೀನ್ರಿ,” ಎಂದಳು. “ಅರ್ಧ ದುಡ್ಡು ಮೊದಲು ಬರಬೇಕು. ಮತ್ತ ಈ ತಿಂಗಳು ಆಗಂಗಿಲ್ಲ. ಕಳೆ ತೆಗಿಯೋ ಕಾಲ ಬಂತು, ಮಡಕಶಿರದ ಮಾಲು ಮೊದಲು ಹೋಗಬೇಕು.”

ಶಿವಶಂಕರ್ ಅವಳನ್ನೂ ಅಂಗಿಗಳ ಗುಡ್ಡೆಯನ್ನೂ ನೋಡಿದ. “ಕಾಯ್ತೀವ್ರಿ,” ಎಂದ. “ಒಂದು ವರ್ಷ ಅರ್ಧ ಪಗಾರದಾಗ ಕಾಯ್ದೀವಿ, ಒಂದು ತಿಂಗಳು ದೊಡ್ಡದಲ್ಲ.”

ಟೀ ಬಂತು. ಕುಡಿದಾದ ಮೇಲೂ ಅವನು ಏಳಲಿಲ್ಲ. ಮೇಲಿನ ಅಂಗಿಯೊಂದನ್ನು ಕೈಗೆತ್ತಿಕೊಂಡು, ಬೆನ್ನಿನ ಹೂವಿನ ಮೇಲೆ ಹೆಬ್ಬೆಟ್ಟು ಆಡಿಸುತ್ತ ಕೂತಿದ್ದ.

“ನಮ್ಮವ್ವ ಬೆಳುಗುಪ್ಪದಾಗ ಇನ್ನೂ ಹೊಲಕ್ಕ ಹೋಗ್ತಾಳ್ರಿ,” ಎಂದ. “ಬ್ಯಾಡ ಅಂದ್ರ ಕೇಳಂಗಿಲ್ಲ. ನನ್ನ ಹಳೇ ಫ್ಯಾಕ್ಟ್ರಿ ಅಂಗಿ ಹಾಕ್ಕೊಂಡು ಹೋಗ್ತಾಳ. ಹೋದ ವರ್ಷ ನಮ್ಮ ಮನಿ ಒಲಿ ಉರಿದಿದ್ದೂ ಆಕಿಯಿಂದನ. ಒಂದು ಅಂಗಿ ಆಕೀಗೆ ಅಂತನ ಹೊಲೀತೀರೇನು?”

“ಅಳತಿ ತಂದೀರೇನಪ್ಪಾ?” ಅಂಬಮ್ಮ ಕೊರಳಲ್ಲಿದ್ದ ಟೇಪು ತೆಗೆಯುತ್ತ ಎದ್ದಳು.

“ಅಳತಿ ಯಾವತ್ತೂ ಯಾರೂ ತಗೊಂಡಿಲ್ರಿ.”

ಅವನು ಎದ್ದು ನಿಂತು, ಎದುರಿಗೆ ತಾಯಿ ನಿಂತಿದ್ದಾಳೆನ್ನುವ ಹಾಗೆ, ಅಂಗೈಯನ್ನು ತನ್ನ ಎದೆಯ ಎತ್ತರಕ್ಕೆ ಗಾಳಿಯಲ್ಲಿ ಹಿಡಿದ. ಅಂಬಮ್ಮ ಆ ಕೈಗೆ ಟೇಪಿನ ತುದಿ ತಾಗಿಸಿ ಕೆಳಕ್ಕೆ ಇಳಿಬಿಟ್ಟಳು. ಫ್ಯಾನಿನ ಗಾಳಿಗೆ ಅದು ಮೆಲ್ಲಗೆ ತೂಗಾಡಿತು.

“ತಡೀರಿ, ಈಗೀಗ ಸ್ವಲ್ಪ ಬಾಗ್ಯಾಳ,” ಎಂದ ಶಿವಶಂಕರ್. ಕೈಯನ್ನು ಎರಡು ಬೆರಳಷ್ಟು ಕೆಳಗಿಳಿಸಿದ.